ಹದಿನಾರನೆಯ ಮನೆ

"ಅಮ್ಮಾ, ನಂಗೆ ಹುಣಿಸೆಕಾಯಿ ತಿನ್ಬೇಕು ಅನ್ನಿಸ್ತಿದೆ" ಎಂದು ಗೋಡೆಗೆ ಮುಖ ಮಾಡಿ ಹೇಳಿದಾಗ ನನಗೆ ಐವತ್ತೆಂಟು ವರ್ಷ. ಮುಖದ ತುಂಬ ವಾರದ ಗಡ್ಡ, ಮೀಸೆಯಲ್ಲಿ ಹತ್ತಿಯ ಎಳೆ. ನನ್ನ ದನಿಯೋ, ಕೇಳಲೇಬೇಡಿ. ನನ್ನ ಹೆಂಡತಿ ನೀಲಾಂಬಿಕೆ ಬದುಕಿದ್ದಾಗ ನಾನು ಸುಮ್ಮನೆ ನೀರು ಕೇಳಿದರೂ ಜಗಳಕ್ಕೆ ಬಂದೆ ಎಂದುಕೊಳ್ಳುತ್ತಿದ್ದಳು. ಅಂಥ ದನಿಯಲ್ಲಿ ಬಸುರಿಯ ಬಯಕೆ ಹೇಳಿದರೆ ಹೇಗಿರಬೇಡ! ಆದರೆ ಗೋಡೆಯ ಆಚೆ ಸಿದ್ದಮ್ಮ ನಗಲಿಲ್ಲ. "ಎಷ್ಟು ತಿಂಗಳಂತೆ ಕೇಳು ಓಂಕಾರಣ್ಣ" ಎಂದಳು. ಅವಳು ಅಳುತ್ತಿದ್ದಳು.

ನಮ್ಮೂರಲ್ಲಿ ಮಾತು ಕೇಳುವುದು ಎರಡೇ ಕಡೆ. ಒಂದು, ನಿಮ್ಮದೇ ಮನೆಯವರಿಗೆ. ಇನ್ನೊಂದು, ನಿಮ್ಮ ಗೋಡೆಗೆ ಗೋಡೆ ತಾಗಿಸಿಕೊಂಡಿರುವ ಪಕ್ಕದ ಮನೆಯವರಿಗೆ. ಉಳಿದವರು ನಿಮ್ಮ ಎದುರಿಗೇ ನಿಂತು ಗಂಟಲು ಹರಿದುಕೊಂಡರೂ ತುಟಿ ಆಡುವುದು ಕಾಣುತ್ತದೆ, ಅಷ್ಟೆ. ಸಂತೆಯಲ್ಲಿ ಬೆರಳಿನಲ್ಲೇ ವ್ಯಾಪಾರ. ನಾನು ಹಾಸಿಗೆ ಹೊಲಿಯುವವನು. ಗಿರಾಕಿಗಳು ಗಂಡಹೆಂಡತಿ ಜೊತೆಯಾಗಿ ಬಂದು, ಎಷ್ಟು ಅಗಲ ಬೇಕೆಂದು ಕೈ ಚಾಚಿ ತೋರಿಸುತ್ತಾರೆ. ದಾರಿಯಲ್ಲಿ ಜಗಳವಾಡಿಕೊಂಡು ಬಂದಿದ್ದರೆ ಎರಡು ಹಾಸಿಗೆ ತೋರಿಸುತ್ತಾರೆ. ನಾನು ಒಂದೇ ಹೊಲಿಯುತ್ತೇನೆ. ಇದುವರೆಗೆ ಯಾರೂ ವಾಪಸು ತಂದಿಲ್ಲ.

ಮದುವೆಯಾದ ಹುಡುಗಿ ಗಂಡನ ಮನೆಯ ಹೊಸಿಲು ದಾಟಿದ ಗಳಿಗೆಯಿಂದ ಅವಳ ದನಿ ತವರಿನವರಿಗೆ ಕೇಳುವುದಿಲ್ಲ. ಅದಕ್ಕೇ ನಮ್ಮಲ್ಲಿ ಹೆಣ್ಣು ಒಪ್ಪಿಸುವ ಹೊತ್ತಿಗೆ ವಾಲಗ ಜೋರಾಗಿ ಊದಿಸುತ್ತಾರೆ. ದನಿ ಯಾವಾಗ ನಿಂತಿತು ಎಂದು ತಾಯಿಗೆ ಗೊತ್ತಾಗದಿರಲಿ ಎಂದು. ಚೊಚ್ಚಲ ಹೆರಿಗೆಗೆ ತವರಿಗೆ ಕರೆಯುವ ಪದ್ಧತಿಯೂ ನಮ್ಮಲ್ಲಿಲ್ಲ. ಹೆರುವವಳು ಕೂಗಿದರೆ ಕೇಳಿಸುವವರು ಹತ್ತಿರ ಇರಬೇಕಲ್ಲ!

ಹಾಗಂತ ಯಾರೂ ಬಾಯಿ ಕಟ್ಟಿಕೊಂಡು ಕೂತಿಲ್ಲ. ಈ ಮನೆಯವರು ಪಕ್ಕದ ಮನೆಯವರಿಗೆ ಹೇಳುತ್ತಾರೆ, ಅವರು ಅದರ ಪಕ್ಕದವರಿಗೆ, ಹೀಗೆ ಮಾತು ಗೋಡೆಯಿಂದ ಗೋಡೆಗೆ ಸಾಗುತ್ತದೆ. ಉದ್ದದ ಮಾತನ್ನು ಯಾರು ನೆನಪಿಟ್ಟುಕೊಂಡಾರು? ಆದ್ದರಿಂದ ಅದನ್ನು ಒಂದೊಂದು ಉಸಿರಿನ ತುಂಡು ಮಾಡಿ ಕಳಿಸುತ್ತೇವೆ. ಪ್ರತಿ ತುಂಡಿನ ಮುಂದೆ ತಲೆಮಾತು ಇರಲೇಬೇಕು: ಯಾರಿಗೆ, ಯಾರಿಂದ, ಅವರಿಗೆ ಇವರು ಏನಾಗಬೇಕು, ಎಷ್ಟನೇ ತುಂಡು, ಎಷ್ಟು ಮನೆ ದಾಟಿದೆ. ಯಾವ ಓಣಿ ಬಿಡುವಾಗಿದೆಯೋ ಆ ಓಣಿ ಹಿಡಿದು ಬರುವುದರಿಂದ ಮೂರನೆಯದು ಮೊದಲು ಬರುತ್ತದೆ, ಮೊದಲನೆಯದು ಕೊನೆಗೆ. ಕೊನೆಯ ಗೋಡೆಯವನು ಎಲ್ಲವನ್ನೂ ಇಟ್ಟುಕೊಂಡು, ಜೋಡಿಸಿ, ಆಮೇಲೆ ಹೇಳಬೇಕು. ನಾನು ಕಿಟಕಿಯ ಕಟ್ಟೆಯ ಮೇಲೆ ಬಂದ ತುಂಡಿಗೊಂದು ಹತ್ತಿಯ ಉಂಡೆ ಇಡುತ್ತೇನೆ. ನಡುವೆ ಜಾಗ ಖಾಲಿ ಇದ್ದರೆ ಆ ತುಂಡನ್ನು ಇನ್ನೊಮ್ಮೆ ಕಳಿಸಿ ಎಂದು ಹೇಳಿಸುತ್ತೇನೆ. ಎಲ್ಲ ತಲುಪಿದರೆ "ಸಿಕ್ತು" ಎಂದು ಹಿಂದಕ್ಕೆ ಹೋಗುತ್ತದೆ. ಮಾತು ಶುರುವಾಗುವುದಕ್ಕೂ ಮುಂಚೆ "ಇದೀರಾ?" ಎಂದು ಒಂದು ಹೋಗಬೇಕು, "ಇದೀವಿ, ನೀವಿದೀರಾ?" ಎಂದು ಒಂದು ಬರಬೇಕು, "ಇದೀವಿ" ಎಂದು ಮತ್ತೊಂದು ಹೋಗಬೇಕು. ಇಲ್ಲದವರ ಮನೆಗೆ ಮಾತು ಸುರಿದು ಏನು ಪ್ರಯೋಜನ?

ಬರೆದು ಕಳಿಸಬಹುದಲ್ಲ ಎನ್ನುತ್ತಾರೆ ಹೊರಗಿನವರು. ದಿನವಿಡೀ ಊರಿನವರ ಮಾತು ಸಾಗಿಸುವುದರಲ್ಲೇ ಹೊತ್ತು ಹೋಗುವಾಗ ಓದು ಕಲಿಯುವುದು ಯಾವಾಗ? ನನಗೆ ನಾಲ್ಕಕ್ಷರ ಬರುತ್ತದೆ. ಸಿದ್ದಮ್ಮನಿಗೂ ಅವಳ ಮಗಳಿಗೂ ಅದೂ ಇಲ್ಲ.

ಒಮ್ಮೆ ಹೊರಗಿನಿಂದ ಫೋನಿನವನೊಬ್ಬ ಬಂದಿದ್ದ. ಕನ್ನಡಕದ ಮನುಷ್ಯ, ಒಳ್ಳೆಯವನು. ತಂತಿ ಎಳೆದ, ಪೆಟ್ಟಿಗೆ ಇಟ್ಟ. ಗಂಟೆಯೇನೋ ಬಾರಿಸಿತು, ದನಿ ಮಾತ್ರ ಬರಲಿಲ್ಲ. ಅವನು ನನ್ನ ಮನೆಯ ಜಗಲಿಯಲ್ಲಿ ಕೂತು ನಾನು ಮಾತು ಸಾಗಿಸುವುದನ್ನು ಒಂದು ಮಧ್ಯಾಹ್ನವೆಲ್ಲ ನೋಡಿದ. ಏನು ನಡೆಯುತ್ತಿದೆ ಎಂದು ನನಗೆ ಬರುವ ನಾಲ್ಕಕ್ಷರದಲ್ಲಿ ಬರೆದು ತಿಳಿಸಿದೆ. ಆಮೇಲೆ ಸೀಮೆಸುಣ್ಣ ತೆಗೆದು ಗೋಡೆಯ ಮೇಲೆ ಬರೆದು ತೋರಿಸಿದ. ನೀವು ತುಂಡು ಅನ್ನುವುದಕ್ಕೆ ನಾವು ಪ್ಯಾಕೆಟ್ ಅನ್ನುತ್ತೇವೆ. ನಿಮ್ಮ ಮನೆ ರೂಟರ್. ಕಿಟಕಿಯ ಮೇಲಿನ ಹತ್ತಿ ಬಫರ್. 'ಇದೀರಾ, ಇದೀವಿ' ಅನ್ನುವುದು ಹ್ಯಾಂಡ್‌ಶೇಕ್. ಕೊನೆಗೆ ಇನ್ನೊಂದು ಬರೆದ, ಅದು ನನಗೆ ಬಹಳ ಇಷ್ಟವಾಯಿತು. ನಮ್ಮ ಫೋನಿನಲ್ಲೂ ಮನುಷ್ಯನ ದನಿ ಬರುವುದಿಲ್ಲ, ಅದನ್ನು ಕತ್ತರಿಸಿ ಅಂಕಿ ಮಾಡಿ ಕಳಿಸುತ್ತೇವೆ, ಆ ಕಡೆ ಅಂಕಿಗಳಿಂದ ಹೊಸದಾಗಿ ದನಿ ಕಟ್ಟುತ್ತಾರೆ, ಎಂದು. ಅಂದರೆ ಊರಾಚೆಯೂ ಯಾವನೋ ಒಬ್ಬ ಓಂಕಾರಪ್ಪ ಕೂತು ಬೇರೆಯವರ ಮಗಳಾಗಿ ಮಾತಾಡುತ್ತಿದ್ದಾನೆ ಎಂದಾಯಿತು. ಸೀಮೆಸುಣ್ಣದ ಬರಹವನ್ನು ನಾನು ಬಹಳ ದಿನ ಒರೆಸಲಿಲ್ಲ.

ಅವನು ಹಾಪ್ ಎಂದು ಬರೆದದ್ದು ನಮ್ಮಲ್ಲಿ ಒಂದು ಮನೆ ದಾಟುವುದು. ಹಾಗೆ ಎಷ್ಟು ಮನೆ ದಾಟಬಹುದೋ ಅಷ್ಟು ತುಂಡಿನ ಆಯಸ್ಸು. ನಮ್ಮಜ್ಜನ ಕಾಲದಲ್ಲಿ "ಉಪ್ಪು ಕಳಿಸಿ" ಎಂಬ ಒಂದು ತುಂಡು ಯಾರಿಗೆ ಎಂಬುದು ಮರೆತುಹೋಗಿ ಬಾವಿಯ ಸುತ್ತಲಿನ ಮನೆಗಳಲ್ಲಿ ಸುತ್ತತೊಡಗಿತಂತೆ. ಸಿಕ್ಕಿದ ತುಂಡನ್ನು ಸಾಗಿಸಲೇಬೇಕಲ್ಲ, ಎಲ್ಲರೂ ಸಾಗಿಸಿದರು. ನಿದ್ದೆಯಿಲ್ಲ, ಅಡುಗೆಯಿಲ್ಲ, ಉಪ್ಪು ಕಳಿಸಿ, ಉಪ್ಪು ಕಳಿಸಿ. ಕೊನೆಗೆ ಊರಿನ ಹಿರಿಯರು ಸೇರಿ, ಒಂದು ತುಂಡು ಹದಿನೈದು ಮನೆ ದಾಟಬಹುದು, ಹದಿನಾರನೆಯ ಮನೆಯವರು ಅದನ್ನು ಕೆಳಗೆ ಹಾಕಿ, "ನಿಮ್ಮ ತುಂಡು ನಮ್ಮಲ್ಲಿ ಸತ್ತಿತು" ಎಂದು ಕಳಿಸಿದವರಿಗೆ ತಿಳಿಸಬೇಕು ಎಂದು ಕಟ್ಟು ಮಾಡಿದರು. ಹಾಗಾಗಿ ನಮ್ಮಲ್ಲಿ ಗಂಡು ನೋಡಲು ಹೋದವರು ಜಾತಕ ಕೇಳುವ ಮೊದಲು ನಡುವಿನ ಬಾಗಿಲು ಎಣಿಸುತ್ತಾರೆ.

ಸಿದ್ದಮ್ಮ ಎಣಿಸಿಯೇ ಕೊಟ್ಟಿದ್ದಳು. ಅವಳ ಗಂಡ ಹೋದಾಗ ಮಗಳು ದಾಕ್ಷಾಯಣಿ ಇನ್ನೂ ಅಂಬೆಗಾಲಿಡುತ್ತಿದ್ದಳು. ನಮ್ಮ ಗೋಡೆ ಅವರ ಗೋಡೆಗೆ ತಾಗಿದ್ದರಿಂದ ಆ ಹುಡುಗಿಯ ಅಳು, ನಗು, ಮಗ್ಗಿ, ಹಠ ಎಲ್ಲ ನಮ್ಮ ಮನೆಯೊಳಗೇ ನಡೆದಂತೆ ಕೇಳುತ್ತಿತ್ತು. ನಮಗೆ ಮಕ್ಕಳಿರಲಿಲ್ಲ. ಸಂಜೆಯಾದರೆ ನೀಲಾಂಬಿಕೆ ಆ ಗೋಡೆಯ ಹತ್ತಿರವೇ ಕೂತು ಅಕ್ಕಿ ಆರಿಸುತ್ತಿದ್ದಳು. ಮುಂದೆ ದಾಕ್ಷಿಗೆ ಒಳ್ಳೊಳ್ಳೆಯ ಮನೆಗಳಿಂದ ಕೇಳಿ ಬಂದರೂ ದೂರವಾಯಿತೆಂದು ಬಿಟ್ಟು, ಸರಿಯಾಗಿ ಹದಿನೈದು ಮನೆ ನಡುವೆ ಇರುವಲ್ಲಿಗೆ ಸಿದ್ದಮ್ಮ ಕೊಟ್ಟಳು. ಒಪ್ಪಿಸಿ ಕೊಟ್ಟ ದಿನ ವಾಲಗದವರು ಊದುತ್ತಿದ್ದರು. ದಾಕ್ಷಿ ನನ್ನ ಕಡೆ ತಿರುಗಿ ಏನೋ ಅಂದಳು. ಬಾಯಿ ಆಡಿದ್ದು ಕಂಡಿತು.

ಆಮೇಲೆ ಅವಳ ಮಾತನ್ನು ಅವಳಮ್ಮನಿಗೆ ಹೇಳುವ ಕೆಲಸ ನನ್ನದಾಯಿತು. ಸಿದ್ದಮ್ಮನ ಮನೆ ನಮ್ಮ ಓಣಿಯಲ್ಲಿ ಕಡೆಯದು, ಅದರಾಚೆ ಕೆರೆ ಏರಿ. ಲೋಕದ ಮಾತೆಲ್ಲ ಅವಳಿಗೆ ನನ್ನ ಗೋಡೆಯೊಂದರಿಂದಲೇ ಬರಬೇಕು. ನನ್ನ ಈಚೆ ಪಕ್ಕದಲ್ಲಿರುವುದು ಕಮಲಾಕ್ಷಮ್ಮನ ಮನೆ. ಬಾಯಿ ಜೋರು, ಮನಸ್ಸು ಬೆಣ್ಣೆ. ನನ್ನನ್ನು ರೇಗಿಸದಿದ್ದರೆ ಅವಳಿಗೆ ತಿಂದದ್ದು ಅರಗುವುದಿಲ್ಲ.

ಮುಸ್ಸಂಜೆಗೆ ಗೋಡೆಗಳೆಲ್ಲ ಕಿಕ್ಕಿರಿದು ಎಷ್ಟೋ ತುಂಡುಗಳು ದಾರಿಯಲ್ಲೇ ಬಿದ್ದುಹೋಗುತ್ತವೆ. ಸಾವು, ಹುಟ್ಟು, ಬೆಂಕಿ, ಈ ಮೂರಕ್ಕೆ ಎಲ್ಲರೂ ದಾರಿ ಬಿಡುತ್ತಾರೆ. ಉಳಿದದ್ದೆಲ್ಲ ನೂಕುನುಗ್ಗಲು. ಅಂಥ ಘನಂದಾರಿ ಮಾತೇನಪ್ಪ ಎಂದರೆ, ಅರ್ಧಕ್ಕರ್ಧ "ಊಟ ಆಯ್ತಾ?" ಅದಕ್ಕೊಂದು "ಆಯ್ತು, ನಿಂದು?" ನನಗೆ ಮೈಯೆಲ್ಲ ಉರಿಯುತ್ತಿತ್ತು. "ಊಟ ಮಾಡದೆ ಎಲ್ಲಿಗೆ ಹೋಗ್ತಾರೆ ಕಮಲಾಕ್ಷಮ್ಮ? ಇದಕ್ಕೆ ಊರಿನವರ ಬಾಯೆಲ್ಲ ನೋಯಿಸ್ಬೇಕಾ?" ಎಂದು ಒಂದು ಸಲ ಕೂಗಾಡಿದೆ. "ನಿನ್ನ ಯಾರೂ ಕೇಳಲ್ಲ ಅಂತ ಹೊಟ್ಟೆಕಿಚ್ಚು ಕಣಣ್ಣ ನಿಂಗೆ" ಎಂದಳು ಅವಳು. ಹೌದು, ನನಗೆ ಬರುತ್ತಿದ್ದದ್ದು ಹಾಸಿಗೆ ಯಾವಾಗ ಕೊಡ್ತೀಯ ಎಂಬ ತಗಾದೆಗಳು. ತಲೆಮಾತಿನಲ್ಲಿ ನಂಟು ಹೇಳಿಕೊಂಡು ಒಂದು ತುಂಡೂ ಬಂದದ್ದಿಲ್ಲ.

ಹುಣಿಸೆಕಾಯಿಯ ಮಾತು ಬಂದು ಕೆಲವು ತಿಂಗಳಾಗಿತ್ತು. ಆಗ ಗಿರಣಿ ಷಡಕ್ಷರಿ ಹಳೇ ಮನೆ ಕೆಡವಿ ಹೊಸದು ಕಟ್ಟಿಸಿದ. ಗಾಳಿ ಬೆಳಕು ಬರಲೆಂದು ಪಕ್ಕದ ಮನೆಗೂ ತನಗೂ ನಡುವೆ ಒಂದು ಮೊಳ ಜಾಗ ಬಿಟ್ಟು ಅಲ್ಲೊಂದು ಕಿಟಕಿ ಇಡಿಸಿದ. ಊರಿಗೆ ಊರೇ ಹೋಗಿ ನೋಡಿತು. ನಾನೂ ಕಿಟಕಿಗೆ ಮುಖವೊಡ್ಡಿ ಗಾಳಿ ಕುಡಿದು, ಹೆಬ್ಬೆರಳೆತ್ತಿ ಭೇಷ್ ಎಂದು ತೋರಿಸಿ, ಹೋಳಿಗೆ ತಿಂದು ಬಂದೆ. ಅಷ್ಟು ಜನರಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ, ಗೋಡೆಗೆ ಗೋಡೆ ತಾಗುವುದು ತಪ್ಪಿಹೋಯಿತು ಎಂದು? ಸಂಜೆ ಷಡಕ್ಷರಿ ಪಕ್ಕದವರನ್ನು ಕೂಗಿ ಕೂಗಿ ಸುಸ್ತಾಗಿ ಕಿಟಕಿಯ ಮುಂದೆ ತಲೆಯ ಮೇಲೆ ಕೈಹೊತ್ತು ಕೂತನಂತೆ. ಪಾಪ, ಅವನದೇನು ತಪ್ಪು? ದಾಕ್ಷಿಗೆ ಹದಿನೈದು ಮನೆಯಲ್ಲಿ ಮುಟ್ಟುವ ದಾರಿ ಅವನ ಮನೆಯ ಮೇಲಿನದೊಂದೇ ಇತ್ತು. ಅಲ್ಲಿಂದಾಚೆಗೆ ಅವಳ ಮಾತು ಕುಂಬಾರರ ಓಣಿಯ ಮೇಲೆ ಸುತ್ತಿ ಬರತೊಡಗಿತು. ಒಂದೇ ಒಂದು ಮನೆ ಹೆಚ್ಚು. ಬೇರೆ ಯಾರಿಗೂ ಅದರಿಂದ ತೊಂದರೆಯಾಗಲಿಲ್ಲ.

ಅದೇ ದಿನಗಳಲ್ಲಿ ಸಿದ್ದಮ್ಮ ಕೆರೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು. ನಾಟಿ ವೈದ್ಯ ಬಿದಿರಿನ ಪಟ್ಟಿ ಕಟ್ಟಿ, ಅಲುಗಾಡಬೇಡ ಎಂದು ಸನ್ನೆ ಮಾಡಿ ಹೋಗಿದ್ದ. ನಾನು ದಪ್ಪನೆಯ ಹಾಸಿಗೆಯೊಂದನ್ನು ಹೊಲಿದು ನಮ್ಮ ಗೋಡೆಗೆ ತಾಗಿಸಿ ಹಾಕಿಕೊಟ್ಟಿದ್ದೆ. ಇತ್ತ ಇವಳು ಏಳುವಂತಿಲ್ಲ, ಅತ್ತ ತುಂಬು ಬಸುರಿ ನಡೆಯುವಂತಿಲ್ಲ. ಇದ್ದದ್ದು ಗೋಡೆ ಒಂದೇ. ಅವರ ವಂಶದಲ್ಲಿ ಹೆರಿಗೆ ಸಲೀಸಲ್ಲ. ಸಿದ್ದಮ್ಮನ ಅಕ್ಕ ಹೆರಿಗೆಯಲ್ಲೇ ಹೋದವಳು, ಅದು ದಾಕ್ಷಿಗೂ ಗೊತ್ತು.

ಆ ಸಂಜೆ ಕಮಲಾಕ್ಷಮ್ಮ, "ಸಿದ್ದಮ್ಮನಿಗೆ, ದಾಕ್ಷಾಯಣಿಯಿಂದ, ತಾಯಿಗೆ ಮಗಳಿಂದ" ಎಂದು ಶುರುಮಾಡಿ ನಿಲ್ಲಿಸಿದಳು.

"ಮುಂದಕ್ಕೆ ಹೇಳವ್ವ."

"ನಂದು ಹದಿನೈದನೇ ಮನೆ ಕಣಣ್ಣ ಈಗ. ನಿಂದು ಹದಿನಾರು."

ಕೆಳಗೆ ಹಾಕಬೇಕಾದರೂ ಮೊದಲು ಕೈಗೆ ತೆಗೆದುಕೊಳ್ಳಬೇಕಲ್ಲ, ಅವಳು ಹೇಳಿದಳು, ನಾನು ಕೇಳಿಸಿಕೊಂಡೆ. ಅಮ್ಮಾ, ನಂಗೆ ಭಯ ಆಗ್ತಿದೆ. ನನ್ನ ಹೆತ್ತಾಗ ನೀನು ಹೇಗೆ ಉಳ್ಕೊಂಡೆ? ನಾನು ಉಳೀತೀನಾ? ಅಷ್ಟೇ. ನಾನು ಗೋಡೆಯ ಕಡೆ ತಿರುಗಿದೆ, ತಿರುಗಿದವನು ಹಾಗೇ ನಿಂತೆ. ಕೊನೆಗೆ ಕಮಲಾಕ್ಷಮ್ಮನ ಕಡೆ ತಿರುಗಿ, "ದಾಕ್ಷಾಯಣಿಗೆ, ಓಂಕಾರಪ್ಪನ ಮನೆಯಿಂದ. ನಿಮ್ಮ ತುಂಡು ನಮ್ಮಲ್ಲಿ ಸತ್ತಿತು" ಎಂದೆ. ಅವಳು ಅದನ್ನು ಸಾಗಿಸಿದಳು.

"ಬಂತಾ ಓಂಕಾರಣ್ಣ?" ಎಂದಳು ಸಿದ್ದಮ್ಮ ಆಚೆಯಿಂದ.

"ಬಂದಿತ್ತು ಕಣವ್ವ. ನನ್ನ ಹತ್ರ ಆಯಸ್ಸು ಮುಗೀತು."

"ಏನಂತ ಇತ್ತು?"

"ಹೇಳೋ ಹಾಗಿಲ್ಲವಲ್ಲ ಸಿದ್ದವ್ವ."

"ನನ್ನ ಮಗಳ ಮಾತನ್ನ ಗಂಟಲಲ್ಲಿ ಇಟ್ಕೊಂಡು ಹೇಳೋ ಹಾಗಿಲ್ಲ ಅಂತೀಯಲ್ಲ, ನಿಂಗೆ ಕರುಳು ಅನ್ನೋದು ಇದೆಯೇನೋ!" ಎಂದು ಅವಳು ಅತ್ತಳು.

ಕರುಳಿಲ್ಲದೆ ಅಲ್ಲ. ಸಾಗಿಸಿದ ಮಾತು ಸಾಗಿಸಿದವನದಲ್ಲ, ಅದನ್ನು ಆಡಿಕೊಳ್ಳುವಂತಿಲ್ಲ. ಆಡಿದ ಮನೆಗೆ ಅಕ್ಕಪಕ್ಕದವರು ಗೋಡೆ ಮುಚ್ಚುತ್ತಾರೆ, ಅಂದರೆ ಅಲ್ಲಿಂದ ಏನನ್ನೂ ಎತ್ತಿಕೊಳ್ಳುವುದಿಲ್ಲ, ಅಲ್ಲಿಗೆ ಏನನ್ನೂ ಕೊಡುವುದಿಲ್ಲ. ನಾನು ಹೇಳಿದರೆ ಸಿದ್ದಮ್ಮ ಸುಮ್ಮನಿದ್ದಾಳೇ? ಹೇಗಾದರೂ ಉತ್ತರ ಕಳಿಸುತ್ತಾಳೆ. ತಲುಪದ ಪ್ರಶ್ನೆಗೆ ಉತ್ತರ ಹೇಗೆ ಬಂತೆಂದು ಊರಿಗೆ ತಿಳಿಯದೇ? ನನ್ನ ಗೋಡೆ ಮುಚ್ಚಿದರೆ ನನಗೇನು, ಹಾಸಿಗೆ ಹೊಲಿದುಕೊಂಡು ಬಿದ್ದಿರುತ್ತೇನೆ. ಅವಳಿಗಿರುವುದು ಅದೊಂದೇ ಗೋಡೆ.

ಸಿದ್ದಮ್ಮ ತಾನೇ ಕಳಿಸಿ ನೋಡಿದಳು. ಹೇಗಿದ್ದೀಯ ಮಗಳೇ, ಎಂದು. ಅದು ದಾಕ್ಷಿಯ ಪಕ್ಕದ ಗೌರಮ್ಮನ ಮನೆ ತನಕ ಹೋಗಿ ಮುಗಿಯಿತು. "ನಿಮ್ಮ ತುಂಡು ಗೌರಮ್ಮನ ಮನೆಯಲ್ಲಿ ಸತ್ತಿತು" ಎಂದು ನಾನೇ ಅವಳಿಗೆ ಹೇಳಬೇಕಾಯಿತು. "ಆ ಪದ ಬೇಡ ಅಣ್ಣ, ಬಸುರಿ ಇದಾಳೆ" ಎಂದಳು. ಆಮೇಲಿನ ದಿನಗಳಲ್ಲಿ ನಾನು ಬಿದ್ದುಹೋಯಿತು ಎಂದು ಹೇಳತೊಡಗಿದೆ. ಒಂದು ಪದ ಬದಲಾಯಿಸಿದ್ದಕ್ಕೆ ಯಾರು ಏನು ಬೇಕಾದರೂ ಅಂದುಕೊಳ್ಳಲಿ!

ಊರ ಯಜಮಾನ ಮುರಿಗೆಪ್ಪನ ಮನೆಗೇ ಹೋದೆ. ಅವನು ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ನಾನು ಹತ್ತು ಬೆರಳು ತೋರಿಸಿ, ಮತ್ತೆ ಆರು ತೋರಿಸಿದೆ. ಅವನು ಹತ್ತು ತೋರಿಸಿ, ಐದು ತೋರಿಸಿದ. ನಾನು ಹೊಟ್ಟೆ ಉಬ್ಬಿದಂತೆ ಕೈ ಮಾಡಿ, ಕಣ್ಣೀರು ಒರೆಸಿಕೊಳ್ಳುವಂತೆ ಮಾಡಿ, ಮತ್ತೆ ಹತ್ತು, ಆರು. ಅವನು ತೋರುಬೆರಳನ್ನು ಗಾಳಿಯಲ್ಲಿ ಗಿರಗಿರ ತಿರುಗಿಸಿ, ನಾಲಗೆಯ ಮೇಲೆ ಉಪ್ಪಿಟ್ಟುಕೊಂಡಂತೆ ಮುಖ ಮಾಡಿ, ಕೈ ಮುಗಿದ. ನಾನು ಬಿಡಲಿಲ್ಲ. ಕೊನೆಗೆ ಎದ್ದು ಅಂಗಳದ ಬೇವಿನ ಚಿಗುರೊಂದನ್ನು ಕಿತ್ತು ನನ್ನ ಕೈಗಿಟ್ಟ. ಯುಗಾದಿಯ ಸಭೆಗೆ ಬಾ ಎಂದರ್ಥ. ಯುಗಾದಿಯ ಹೊತ್ತಿಗೆ ಮಗು ತೊಟ್ಟಿಲಲ್ಲಿರುತ್ತದೆ, ಇಲ್ಲದಿದ್ದರೆ ಏನೋ, ಶಿವನೇ ಬಲ್ಲ. ಬೇವಿನೆಲೆಯನ್ನು ಅಲ್ಲೇ ಬಿಸಾಡಿ ಬಂದೆ.

ಮರುದಿನ ಮುಸ್ಸಂಜೆ ನಾನು ಎಂದಿನ ಹಾಗೆ ಗೋಡೆಗೆ ಕಿವಿಕೊಟ್ಟು ಹೊಲಿಯುತ್ತಿದ್ದೆ.

"ಓಂಕಾರಪ್ಪನ ಮನೆಗೆ" ಎಂದಳು ಕಮಲಾಕ್ಷಮ್ಮ.

"ಹ್ಞೂಂ. ಮುಂದೆ ಯಾರಿಗೆ?"

"ಮುಂದೆ ಯಾರಿಗೂ ಇಲ್ಲ ಕಣಣ್ಣ. ನಿಂಗೇ."

"ಯಾವನದು ತಗಾದೆ?"

ಅವಳು ರೇಗಿಸುತ್ತಾಳೆ ಎಂದುಕೊಂಡೆ. ರೇಗಿಸಲಿಲ್ಲ. ಅವಳ ದನಿ ಯಾವತ್ತೂ ಇಲ್ಲದಷ್ಟು ಮೆತ್ತಗಿತ್ತು. "ಓಂಕಾರಪ್ಪನಿಗೆ, ದಾಕ್ಷಾಯಣಿಯಿಂದ. ಅಪ್ಪನಿಗೆ ಮಗಳಿಂದ. ಇದೀರಾ?" ಎಂದಳು.

ಸೂಜಿ ನನ್ನ ಬೆರಳಿಗೆ ಚುಚ್ಚಿತು. ಮೊದಲು ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಆಯಿತು. ನಿಮ್ಮ ತುಂಡು ಓಂಕಾರಪ್ಪನ ಮನೆಯಲ್ಲಿ ಸತ್ತಿತು ಎಂದು ನಾನೇ ಹೇಳಿ ಕಳಿಸಿದ್ದೆನಲ್ಲ, ಅದನ್ನು ಹಿಡಿದುಕೊಂಡು ಆ ಹುಡುಗಿ ಲೆಕ್ಕ ಹಾಕಿದ್ದಾಳೆ. ಅಮ್ಮನ ತನಕ ಹೋಗದ ಮಾತು ನನ್ನ ತನಕ ಬರುತ್ತದೆ. ನನ್ನ ಹೆಸರಿಗೇ ಬಂದರೆ ಆ ಮಾತು ನನ್ನದು, ನನ್ನ ಮಾತನ್ನು ನಾನು ಪಕ್ಕದ ಮನೆಯವಳಿಗೆ ಹೇಳಿಕೊಂಡರೆ ಯಾರ ಗಂಟೇನು ಹೋಯಿತು? ಆದರೆ ಮದುವೆಯಾದ ಹೆಣ್ಣು ತವರಿನ ಕಡೆಗೆ ಮಾತು ಕಳಿಸುವುದಾದರೆ ಹೆತ್ತವರಿಗೆ, ಒಡಹುಟ್ಟಿದವರಿಗೆ ಮಾತ್ರ. ಅಣ್ಣ ಎನ್ನಬಹುದಿತ್ತು. ಅಪ್ಪ ಎಂದಿದ್ದಳು.

ನಂಟು ಹೇಳಿ 'ಇದೀರಾ' ಎಂದು ಕೇಳಿದವರಿಗೆ 'ಇದೀನಿ' ಎಂದುಬಿಟ್ಟರೆ ನಮ್ಮಲ್ಲಿ ಆ ನಂಟು ಸಾಯುವತನಕ. ಸಾಗಿಸಿದ ಮನೆಗಳೆಲ್ಲ ಸಾಕ್ಷಿ. ಗೌರಿ ಹಬ್ಬಕ್ಕೆ ಬಾಗಿನ ಕಳಿಸಬೇಕು, ಬಾಣಂತನಕ್ಕೆ ಸೀರೆ, ಕೊಬ್ಬರಿ ಬೆಲ್ಲ ಒಯ್ಯಬೇಕು, ಅಳಿಯ ಮುನಿಸಿಕೊಂಡರೆ ಸಮಾಧಾನ ಮಾಡಬೇಕು. ನಾನೋ ಸಿಡುಕ, ಒಬ್ಬಂಟಿ, ನನ್ನ ಗಂಜಿಗೆ ನಾನೇ ಉಪ್ಪು ಹಾಕಿಕೊಳ್ಳಲು ಮರೆಯುವವನು. ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

"ಓಂಕಾರಣ್ಣ" ಎಂದಳು ಕಮಲಾಕ್ಷಮ್ಮ, "ಹದಿನೈದು ಮನೆಯವರು ಗೋಡೆಗೆ ಕಿವಿ ಇಟ್ಕೊಂಡು ಕೂತಿದಾರೆ. ಬೇಗ ಹೇಳು ಮಾರಾಯ."

"ದಾಕ್ಷಾಯಣಿಗೆ, ಓಂಕಾರಪ್ಪನಿಂದ" ಎಂದೆ. ಕೆಮ್ಮಿ ಮುಂದುವರಿಸಿದೆ. "ಮಗಳಿಗೆ ಅಪ್ಪನಿಂದ. ಇದೀನಿ ಕಣವ್ವ. ನೀನಿದೀಯಾ?"

ಸ್ವಲ್ಪ ಹೊತ್ತಿಗೆ, "ಇದೀನಿ ಅಪ್ಪಾ" ಎಂದು ಬಂತು.

ಅವಳ ಪ್ರಶ್ನೆ ಅದರ ಹಿಂದೆಯೇ ಬಂತು, ಈ ಸಲ ನನಗೆ. ನಾನು ಸಿದ್ದಮ್ಮನ ಗೋಡೆಗೆ ತಿರುಗಿದೆ. "ಸಿದ್ದವ್ವ, ನನ್ನ ಮಗಳಿಗೆ ಹೆರಿಗೆ ಅಂದ್ರೆ ಭಯವಂತೆ. ಅವಳಮ್ಮ ಅವಳನ್ನ ಹೆತ್ತಾಗ ಹೇಗೆ ಉಳ್ಕೊಂಡಳು ಅಂತ ಕೇಳ್ತಿದಾಳೆ. ನಾನು ಗಂಡಸು, ನಂಗೇನು ಗೊತ್ತು? ನೀನೇ ಹೇಳವ್ವ" ಎಂದೆ. ಸಿದ್ದಮ್ಮನಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವಳು ನಕ್ಕಳೋ ಅತ್ತಳೋ, ಗೋಡೆಯ ಈಚೆಗೆ ಎರಡೂ ಒಂದೇ ಥರ ಕೇಳಿತು.

ಅವಳು ಹೇಳಿದ್ದು ಇಷ್ಟು. "ನಾನೂ ಹೋಗೇಬಿಟ್ಟೆ ಅಂದ್ಕೊಂಡಿದ್ದೆ ಅಣ್ಣ. ಈ ಗೋಡೆ ಆಚೆ ನಿನ್ನ ಹೆಂಡ್ತಿ ಕೂತಿದ್ಲು. 'ಸಿದ್ದೀ, ಇದೀಯಾ?' ಅಂತ ಕೇಳೋಳು. 'ಇದೀನಿ' ಅಂತಿದ್ದೆ. ತಿರುಗಾ 'ಇದೀಯಾ?' ಅನ್ನೋಳು. ಒಂದು ಸಲ ಸಾಕಪ್ಪ, ಕಣ್ಣು ಮುಚ್ಚಿಬಿಡೋಣ ಅನ್ನಿಸ್ತು. ಇವಳು ಬಿಡ್ಬೇಕಲ್ಲ! ಉತ್ತರ ಹೇಳ್ಬೇಕಲ್ಲ ಅಂತ ಉಳ್ಕೊಂಡೆ ನೋಡು." ನೀಲಾಂಬಿಕೆ ಇದನ್ನು ನನಗೆ ಯಾವತ್ತೂ ಹೇಳಿರಲಿಲ್ಲ. ಆ ದಿನ ನಾನು ಹತ್ತಿ ತರಲು ಸಂತೆಗೆ ಹೋಗಿದ್ದೆ. ಬಂದಾಗ ಅವಳು ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು, ಎಬ್ಬಿಸಿದ್ದಕ್ಕೆ ಮಗು ಹುಟ್ಟಿತು ಎಂದಷ್ಟೇ ಅಂದಳು.

ಸಿದ್ದಮ್ಮನ ಮಾತನ್ನು ನನ್ನ ಮಾತಾಗಿ ತುಂಡು ಮಾಡಿ ಕಳಿಸಿದೆ. ಆಮೇಲೆ ದಿನಾಲೂ ಅದೇ ಕೆಲಸ. ಸೊಂಟ ನೋವಿಗೆ ಏನು ಮಾಡಬೇಕು, ಕಾಲು ಊದಿದರೆ ಏನು ತಿನ್ನಬೇಕು, ಎಲ್ಲವನ್ನೂ ಒಬ್ಬ ಹಾಸಿಗೆ ಹೊಲಿಯುವವನು ಊರಿಗೆಲ್ಲ ಕೇಳುವಂತೆ ಹೇಳಿದ. ಕಮಲಾಕ್ಷಮ್ಮ, "ಅಣ್ಣ, ನಾಳೆಯಿಂದ ಸೂಲಗಿತ್ತಿ ಕೆಲಸಕ್ಕೆ ಹೋಗು" ಎಂದು ಛೇಡಿಸುತ್ತಿದ್ದಳು. ಛೇಡಿಸಲಿ, ನನಗೆ ಕೋಪ ಬರಲಿಲ್ಲ.

ಒಂದು ಮಧ್ಯಾಹ್ನ, "ಅಪ್ಪನಿಗೆ ಮಗಳಿಂದ. ನೋವು ಶುರುವಾಯ್ತು" ಎಂದು ಬಂತು. ನಾನು ಸೂಜಿ ಕೆಳಗಿಟ್ಟು, ಎರಡು ಗೋಡೆಗಳ ನಡುವೆ ಚಾಪೆ ಹಾಕಿ ಕೂತೆ. "ಹುಟ್ಟಿನ ಮಾತು, ದಾರಿ ಬಿಡಿ. ಮಗಳಿಗೆ ಅಪ್ಪನಿಂದ. ಇದೀಯಾ?" ಎಂದೆ. "ಇದೀನಿ" ಎಂದು ಬಂತು. ಸಿದ್ದಮ್ಮನಿಗೆ ಹೇಳಿದೆ, ಇದಾಳೆ. ಮತ್ತೆ ಕೇಳಿದೆ, ಇದೀಯಾ? ಇದೀನಿ. ಇದಾಳೆ ಸಿದ್ದವ್ವ. ಹೊತ್ತು ಇಳಿಯುವ ತನಕ ಇದೇ. ಮುಸ್ಸಂಜೆಯಾಯಿತು, ಗೋಡೆಗಳು ಕಿಕ್ಕಿರಿಯುವ ಹೊತ್ತು. ಒಬ್ಬರಾದರೂ ಊಟ ಆಯ್ತಾ ಎಂದು ಕೇಳಲಿಲ್ಲ. ಇಡೀ ದಾರಿಯ ಮನೆಗಳಲ್ಲಿ ಜನ ಒಲೆಯ ಮುಂದೆ ಸುಮ್ಮನೆ ಕೂತು ಆ ಒಂದೊಂದು ಪದವನ್ನು ಅತ್ತಿತ್ತ ಸಾಗಿಸುತ್ತಿದ್ದರು.

ಆಮೇಲೆ ಒಂದು 'ಇದೀಯಾ?'ಗೆ ಉತ್ತರ ಬರಲಿಲ್ಲ.

ದಾರಿಯಲ್ಲಿ ಬಿದ್ದಿರಬೇಕೆಂದು ಇನ್ನೊಮ್ಮೆ ಕಳಿಸಿದೆ. ಬರಲಿಲ್ಲ. "ಅಣ್ಣ?" ಎಂದಳು ಸಿದ್ದಮ್ಮ. "ತಡಿ ಕಣೇ!" ಎಂದು ಗದರಿದೆ. ಕಮಲಾಕ್ಷಮ್ಮನಿಗೆ, "ಸರಿಯಾಗಿ ಕಳಿಸಿದೆಯಾ ಇಲ್ವಾ?" ಎಂದು ಕೂಗಿದೆ. "ದೇವರಾಣೆ ಕಳಿಸಿದೀನಿ ಅಣ್ಣ" ಎಂದಳು ಅವಳು ಅಳು ತಡೆದುಕೊಂಡು. ಇನ್ನೊಮ್ಮೆ ಕಳಿಸಿದೆ. ದಾಕ್ಷೀ, ಇದೀಯೇನೇ? ತಲೆಮಾತು ಹಾಕುವುದನ್ನೂ ಮರೆತಿದ್ದೆ. ತಲೆಮಾತಿಲ್ಲದ ತುಂಡನ್ನು ಯಾರೂ ಎತ್ತಿಕೊಳ್ಳಬಾರದು, ಅದು ಕಟ್ಟು. ಎಲ್ಲರೂ ಎತ್ತಿಕೊಂಡರು.

ದೀಪ ಹಚ್ಚಿರಲಿಲ್ಲ. ಗೋಡೆಗೆ ಹಣೆಯಿಟ್ಟು ಕೂತಿದ್ದೆ, ಹಿಂದೆ ನೀಲಾಂಬಿಕೆ ಕೂರುತ್ತಿದ್ದ ಜಾಗದಲ್ಲೇ. ಆಚೆ ಸಿದ್ದಮ್ಮನ ಉಸಿರು ಕೇಳುತ್ತಿತ್ತು. ಆಗ ಕಮಲಾಕ್ಷಮ್ಮ ಕಿರುಚಿದಳು.

"ಓಂಕಾರಣ್ಣ! ಓಂಕಾರಪ್ಪನಿಗೆ, ದಾಕ್ಷಾಯಣಿಯಿಂದ, ಅಪ್ಪನಿಗೆ ಮಗಳಿಂದ. ಹೆಣ್ಣು ಮಗು. ಇಬ್ಬರೂ ಇದೀವಿ!"

ಅದನ್ನು ಸಿದ್ದಮ್ಮನಿಗೆ ಹೇಳಬೇಕಲ್ಲ, ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಇಷ್ಟು ವರ್ಷ ಊರಿನವರ ಮಾತೆಲ್ಲ ಆಡಿದ ಗಂಟಲು ಅದು. "ಇದೀಯಾ ಓಂಕಾರಣ್ಣ?" ಎಂದಳು ಸಿದ್ದಮ್ಮ ಹೆದರಿ. "ಇದೀವಿ ಕಣವ್ವ" ಎಂದೆ ಅಳುತ್ತಾ, "ಎಲ್ಲರೂ ಇದೀವಿ. ಮೊಮ್ಮಗಳು."

ಯುಗಾದಿಯ ಸಭೆಯಲ್ಲಿ ನಾನು ಬೆರಳೆತ್ತುವ ಮೊದಲೇ ಮುರಿಗೆಪ್ಪ ಎದ್ದು ನಿಂತು, ಎಲ್ಲರ ಕಡೆ ತಿರುಗಿ ಹತ್ತು ತೋರಿಸಿ, ಆರು ತೋರಿಸಿದ. ಷಡಕ್ಷರಿ ಎಲ್ಲರಿಗಿಂತ ಮೊದಲು ಕೈಯೆತ್ತಿದ. ಆಯಸ್ಸು ಹದಿನಾರು ಮನೆಯಾಯಿತು. ನಾನೂ ಕೈಯೆತ್ತಿದೆ. ಮನೆಗೆ ಬರುವಾಗ ದಾರಿಯಲ್ಲಿ ಹೊಳೆಯಿತು. ಇನ್ನು ದಾಕ್ಷಿಯ ಮಾತು ನೆಟ್ಟಗೆ ಅಮ್ಮನಿಗೆ ಹೋಗುತ್ತದೆ. ನಾನು ಮತ್ತೆ ನಡುವಿನ ಗೋಡೆ. ಇದೇ ತಾನೇ ನಾನು ಕೇಳಿದ್ದು, ಮುಖ ಯಾಕೆ ಊದಿಸಿಕೊಳ್ಳಬೇಕು ಎಂದು ನನಗೆ ನಾನೇ ಬೈದುಕೊಂಡೆ. ಒಬ್ಬನಿಗೇ ಅನ್ನ ಮಾಡಿಕೊಳ್ಳಲು ಬೇಜಾರಾಗಿ, ಒಲೆ ಹಚ್ಚದೆ ಹತ್ತಿ ಬಿಡಿಸುತ್ತಾ ಕೂತೆ.

ಮುಸ್ಸಂಜೆ ಕಮಲಾಕ್ಷಮ್ಮ ಕರೆದಳು. "ಸಿದ್ದಮ್ಮನಿಗೆ, ದಾಕ್ಷಾಯಣಿಯಿಂದ, ತಾಯಿಗೆ ಮಗಳಿಂದ. ಮಗು ನಗೋಕೆ ಶುರು ಮಾಡಿದೆ ಅಮ್ಮಾ." ನಾನು ಗೋಡೆಗೆ ತಿರುಗಿ, ನನ್ನ ಗಡಸು ದನಿಯಲ್ಲಿ, ಮಗು ನಗೋಕೆ ಶುರು ಮಾಡಿದೆ ಅಮ್ಮಾ ಎಂದೆ. ಸಿದ್ದಮ್ಮ "ಸಿಕ್ತು, ಸಿಕ್ತು" ಎಂದು ನಕ್ಕಳು. ಅದನ್ನು ಹಿಂದಕ್ಕೆ ಕಳಿಸಿ ಮತ್ತೆ ಹತ್ತಿಗೆ ಕೈಹಾಕಿದೆ.

"ಎಲ್ಲಿಗೆ ಹೊರಟೆ? ಇನ್ನೊಂದಿದೆ" ಎಂದಳು ಕಮಲಾಕ್ಷಮ್ಮ.

"ಅದೂ ಸಿದ್ದವ್ವಂಗೇನಾ?"

"ಇಲ್ಲ. ಅಪ್ಪನಿಗೆ ಮಗಳಿಂದ." ಆಮೇಲೆ ಅವಳು ನಗು ತಡೆದುಕೊಂಡು, ಒಂದೊಂದೇ ಪದ ಬಿಡಿಸಿ ಹೇಳಿದಳು: "ಊಟ ಆಯ್ತಾ?"

ನಾನು ಎದ್ದು ಒಲೆ ಹಚ್ಚಿದೆ. ಅಕ್ಕಿ ತೊಳೆದು ಇಟ್ಟೆ. ಆಮೇಲೆ ಗೋಡೆಯ ಹತ್ತಿರ ಬಂದು, "ಮಗಳಿಗೆ ಅಪ್ಪನಿಂದ" ಎಂದೆ, "ಈಗ ಮಾಡ್ತೀನಿ ಕಣವ್ವ. ನಿಂದಾಯ್ತಾ?"